ನಡುಮನೆಯ ಬಿರುಕು

ಮಧುಗಿರಿಯ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಗುಮಾಸ್ತನಾಗಿದ್ದ ಗೌರೀಶ್ ನಲವತ್ತೊಂಬತ್ತು ವರ್ಷ ತುಂಬುವವರೆಗೆ ಗೋಡೆಗೆ ಒಂದು ಮೊಳೆಯನ್ನೂ ನೆಟ್ಟಗೆ ಹೊಡೆದವನಲ್ಲ. ಅವನು ಸುತ್ತಿಗೆ ಎತ್ತಿದರೆ ಮೊಳೆ ಬಾಗುತ್ತಿತ್ತು, ಇಲ್ಲವೇ ಹೆಬ್ಬೆರಳು ಊದುತ್ತಿತ್ತು. ಇಂಥವನು ಒಂದು ಹಳೆಯ ಮನೆಯನ್ನು ತಾನೇ ರಿಪೇರಿ ಮಾಡುತ್ತೇನೆಂದು ಊರಿಗೆಲ್ಲ ಸಾರಿಕೊಂಡು ಬಂದದ್ದಕ್ಕೆ ಮೇಸ್ತ್ರಿ ಪಾಲಪ್ಪನೇ ಕಾರಣ.

ಮನೆ ಕೋಟೆ ಬೆಟ್ಟದ ಬುಡದ ಬೀದಿಯಲ್ಲಿತ್ತು. ದಪ್ಪ ಮಣ್ಣಿನ ಗೋಡೆ, ಮೇಲೆ ಕಲ್ಲು ಚಪ್ಪಡಿಯ ಸೂರು, ಮುಂದೆ ಜಗಲಿ, ಒಳಗೆ ನಡುಮನೆ, ಅದರ ಹಿಂದೆ ಅಡುಗೆಮನೆ, ಆಮೇಲೆ ಹಿತ್ತಲು. ಇಪ್ಪತ್ತೆರಡು ವರ್ಷ ಐದು ಬಾಡಿಗೆ ಮನೆಗಳಲ್ಲಿ ಸಂಸಾರ ಮಾಡಿದ್ದ ಗೌರೀಶ್ ಮತ್ತು ಅವನ ಹೆಂಡತಿ ಲೋಹಿತಾ ಕೊನೆಗೂ ಕೊಂಡುಕೊಂಡ ಸ್ವಂತ ಮನೆ. ಹಾಲು ಉಕ್ಕಿಸಿದ ಮಾರನೆಯ ದಿನವೇ ಎದುರು ಮನೆಯ ಪಾಲಪ್ಪನನ್ನು ಕರೆದು ತೋರಿಸಿದರು. ಪಾಲಪ್ಪ ಎಲ್ಲ ಕಡೆ ಓಡಾಡಿ, ನಡುಮನೆಗೂ ಅಡುಗೆಮನೆಗೂ ಮಧ್ಯದ ಗೋಡೆಯ ಮುಂದೆ ನಿಂತ. ಅಲ್ಲಿ ಬಾಗಿಲಿನ ಪಕ್ಕದಲ್ಲಿ, ಹಳಬರು ಮೆತ್ತಿ ಬಳಿದಿದ್ದ ಬಣ್ಣ ಉದುರಿ, ನೆಲದಿಂದ ಸೂರಿನವರೆಗೆ ಬೆರಳು ತೂರುವಷ್ಟು ಬಿರುಕು ಬಿಟ್ಟಿತ್ತು.

"ಕೆಡವ್ಬುಡಿ ಸ್ವಾಮಿ," ಅಂದ.

"ಈ ಗೋಡೇನಾ?"

"ಮನೇನೇ."

"ಮೆತ್ತಿದ್ರೆ ಸರಿಹೋಗಲ್ವೇನಯ್ಯ? ನಾವೇ ರಜೆ ಹಾಕ್ಕೊಂಡು ನಿಧಾನಕ್ಕೆ..."

ಪಾಲಪ್ಪ ಗೌರೀಶನ ಕೈಗಳನ್ನು ನೋಡಿದ. ಇಪ್ಪತ್ತೈದು ವರ್ಷದಿಂದ ಮಕ್ಕಳ ವರ್ಗಾವಣೆ ಪತ್ರಗಳನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದ ಕೈಗಳು. "ನಿಮ್ ಕೈಲಾಗೋ ಕೆಲ್ಸ ಅಲ್ಲ ಬುಡಿ," ಎಂದು ಬೀಡಿ ಹಚ್ಚಿಕೊಂಡು ಹೋಗಿ ತನ್ನ ಜಗಲಿಯ ಮೇಲೆ ಕೂತ.

ಮನೆಯನ್ನು ಬೈದಿದ್ದರೆ ಗೌರೀಶ್ ಸಹಿಸಿಕೊಳ್ಳುತ್ತಿದ್ದ. ಕೈಯನ್ನು ಬೈದದ್ದು ಸಹಿಸಲಾಗಲಿಲ್ಲ. ಅವತ್ತು ಸಂಜೆಯೊಳಗೆ ಫೋನಿನಲ್ಲಿ ಹಳೆಮನೆ ರಿಪೇರಿಯ ಹದಿನೇಳು ವಿಡಿಯೊ ನೋಡಿ ಮುಗಿಸಿದ. ಅವುಗಳಲ್ಲಿ ನಾಲ್ಕು ಅವನಿಗೆ ಗೊತ್ತಿದ್ದ ಭಾಷೆಯಲ್ಲಿದ್ದವು. "ಯಾವ ಮೇಸ್ತ್ರೀನೂ ಬೇಡ. ನಾನೇ ಮಾಡ್ತೀನಿ," ಎಂದು ಎದ್ದು ನಿಂತ. ಲೋಹಿತಾ ಹೊಲಿಯುತ್ತಿದ್ದ ಬ್ಲೌಸಿನಿಂದ ತಲೆ ಎತ್ತಿ, "ಸರಿ, ಮಾಡೋಣ," ಅಂದಳು. ಅವನು 'ಮಾಡ್ತೀನಿ' ಅಂದದ್ದೂ ಅವಳು 'ಮಾಡೋಣ' ಅಂದದ್ದೂ ಬೇರೆ ಬೇರೆ ಎಂದು ಆಗ ಯಾರೂ ಗಮನಿಸಲಿಲ್ಲ.

ಲೋಹಿತಾ ಕೊರಟಗೆರೆ ಕಡೆಯ ಹಳ್ಳಿಯಲ್ಲಿ ಅಜ್ಜಿಯ ಜೊತೆ ಗೋಡೆ ಮೆತ್ತಿ ಬೆಳೆದವಳು. ಕೆಂಪು ಮಣ್ಣಿಗೆ ಕತ್ತರಿಸಿದ ರಾಗಿ ಹುಲ್ಲು, ಸಗಣಿ ಸೇರಿಸಿ ಹದ ಮಾಡಿದಳು. ಡ್ರಮ್ಮಿನಲ್ಲಿ ಸುಣ್ಣ ನೆನೆಹಾಕಿದಳು. ಗಾರೆಗೆ ಬೆರೆಸಲೆಂದು ಬೆಲ್ಲದ ನೀರಿಗೆ ಅಳಲೆಕಾಯಿ ಜಜ್ಜಿ ಹಾಕಿ ಮಡಕೆಯಲ್ಲಿ ಮುಚ್ಚಿಟ್ಟಳು. ಬೀದಿಯ ಇರುವೆಗಳೆಲ್ಲ ವಿಳಾಸ ಕೇಳಿಕೊಂಡು ಬಂದವು. ಬೆಳಗ್ಗೆ ಒಂದು ಗಂಟೆ ಹೊತ್ತು, ಸಂಜೆ ಎರಡು ಗಂಟೆ ಹೊತ್ತು ಅಂತ ಹದಿನೈದು ದಿನದಲ್ಲಿ ಅಡುಗೆಮನೆಯ ಮೂರು ಗೋಡೆಗಳನ್ನು ಮೆತ್ತಿ, ಮೇಲೆ ಸುಣ್ಣದ ಗಾರೆ ಕೊಟ್ಟು, ನುಣ್ಣನೆಯ ಕಲ್ಲಿನಿಂದ ಉಜ್ಜಿ ಹೊಳಪು ಬರಿಸಿದಳು.

ಗೌರೀಶ್ ನಡುಮನೆಯಲ್ಲಿ ಹಳೆಯ ಸಿಮೆಂಟು ಕೆರೆಯುತ್ತಿದ್ದ. ಆ ಹದಿನೈದು ದಿನದಲ್ಲಿ ಅವನು ಕೆರೆದದ್ದು ಒಂದು ಚಾಪೆಯಷ್ಟು ಜಾಗ. ಆದರೆ ಫೋಟೋಗಳ ವಿಷಯದಲ್ಲಿ ಅವನು ಹಿಂದೆ ಬೀಳಲಿಲ್ಲ. ತಲೆಗೆ ಟವೆಲು ಸುತ್ತಿ, ಕೈಯಲ್ಲಿ ಗಾರೆ ಮೆತ್ತುವ ಕರಣೆ ಹಿಡಿದು, ಅಡುಗೆಮನೆಯ ಹೊಳೆಯುವ ಗೋಡೆಯ ಮುಂದೆ ನಿಂತು, "ಒಂದು ತೆಗಿಯೇ," ಎಂದು ಲೋಹಿತಾಳ ಕೈಗೆ ಫೋನು ಕೊಡುತ್ತಿದ್ದ. ಅವಳು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ತೆಗೆದುಕೊಡುತ್ತಿದ್ದಳು. ನಂಟರ ಗ್ರೂಪಿನಲ್ಲಿ ಅದು 'ನನ್ನ ಮನೆ, ನನ್ನ ಕೈ' ಎಂಬ ತಲೆಬರಹದೊಂದಿಗೆ ಹೋಗುತ್ತಿತ್ತು. ಪಾವಗಡದಲ್ಲಿದ್ದ ಅಕ್ಕ ನಾಗರತ್ನಮ್ಮ, "ನಮ್ ತಮ್ಮ ಬಂಗಾರಂ ಕಣ್ರೋ!" ಎಂದು ದನಿ ಮುದ್ರಿಸಿ ಕಳಿಸಿದರು. ಲೋಹಿತಾಳ ಸೋದರಮಾವ ಅಡವಯ್ಯನವರು ಕೊರಟಗೆರೆಯಿಂದ ಒಂದೇ ಸಲಕ್ಕೆ ಒಂಬತ್ತು ಕೈಮುಗಿಯುವ ಚಿತ್ರ ಕಳಿಸಿದರು. ಗೌರೀಶ್ ಎಲ್ಲವನ್ನೂ ಲೋಹಿತಾಳಿಗೆ ಗಟ್ಟಿಯಾಗಿ ಓದಿ ಹೇಳಿದ. "ಒಳ್ಳೇದಾಯ್ತು," ಎಂದು ಅವಳು ಮತ್ತೆ ಗೋಡೆಯ ಕಡೆ ತಿರುಗಿದಳು.

ಆಮೇಲೆ ಬಂದದ್ದು ಧೂಳಿನ ಸಮಸ್ಯೆ. ಗೌರೀಶ್ ಕೆರೆದ ಸಿಮೆಂಟಿನ ಧೂಳು ಹಸಿ ಗೋಡೆಗೂ ಅಂಟಿತು, ಲೋಹಿತಾಳ ಮೂಗಿಗೂ ಹೋಯಿತು. ಅವಳು ಒಂದು ಬೆಳಗ್ಗೆ ಎಣಿಸಿದಂತೆ ಮೂವತ್ತೊಂದು ಸಲ ಸೀನಿದ ಮೇಲೆ, ಮಧ್ಯದ ಬಾಗಿಲನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿಬಿಡುವುದೆಂದು ತೀರ್ಮಾನವಾಯಿತು. ಗೌರೀಶ್ ಹದಿನಾಲ್ಕು ಮೊಳೆ ಹೊಡೆದ. ಒಂಬತ್ತು ಬಾಗಿದವು, ಐದು ನಿಂತವು. ಅಲ್ಲಿಗೆ ಮನೆ ಎರಡಾಯಿತು. ಲೋಹಿತಾಳ ಹಾಸಿಗೆ, ಹೊಲಿಗೆ ಯಂತ್ರ, ಒಲೆ ಎಲ್ಲ ಹಿಂದೆ ಉಳಿದವು. ಗೌರೀಶ್ ಮುಂದೆ ಉಳಿದ. ಊಟದ ಹೊತ್ತಿಗೆ ಅವನು ತಟ್ಟೆ ಹಿಡಿದು ಮುಂದಿನ ಬಾಗಿಲಿನಿಂದ ಇಳಿದು, ಪಕ್ಕದ ಓಣಿಯಲ್ಲಿ ಸುತ್ತಿ, ಹಿತ್ತಿಲ ಬಾಗಿಲು ತಟ್ಟುತ್ತಿದ್ದ. ಮೈಯೆಲ್ಲ ಧೂಳಾಗಿದ್ದರಿಂದ ಒಳಗೆ ಕಾಲಿಡುವಂತಿರಲಿಲ್ಲ. ಲೋಹಿತಾ ಹೊಸ್ತಿಲಲ್ಲೇ ಮುದ್ದೆ ಇಟ್ಟು ಸಾರು ಬಿಡುತ್ತಿದ್ದಳು. ಅವನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಉಂಡು, ತಟ್ಟೆ ತೊಳೆದುಕೊಂಡು ಹೋಗುತ್ತಿದ್ದ.

ಓಣಿಯ ಆಚೆ ಬದಿ ಮುದ್ದಕ್ಕನ ಮನೆ. ಕೋಟೆ ಬೀದಿಯಲ್ಲಿ ಹುಟ್ಟಿ, ಅಲ್ಲೇ ಮದುವೆಯಾಗಿ, ಅಲ್ಲೇ ಮೊಮ್ಮಕ್ಕಳನ್ನು ಕಂಡ ಮುದ್ದಕ್ಕ ಕೆಟ್ಟ ಹೆಂಗಸಲ್ಲ. ಆದರೆ ಗಂಡನಾದವನು ತಟ್ಟೆ ಹಿಡಿದು ಹೆಂಡತಿಯ ಬಾಗಿಲು ತಟ್ಟಿ, ಹೊರಗೆ ಕೂತು ಉಂಡು ಹೋಗುವುದನ್ನು ದಿನಕ್ಕೆ ಮೂರು ಸಲ ನೋಡಿಯೂ ಸುಮ್ಮನಿರಬೇಕೆಂದರೆ ಕಷ್ಟ. ಮೂರನೆಯ ದಿನ ಅವಳು ತಡೆಯಲಾಗದೆ ಕೇಳಿಯೇಬಿಟ್ಟಳು.

"ಇದೇನ್ ಸ್ವಾಮಿ, ಇಂಗೆ?"

"ಸ್ವಲ್ಪ ದಿನ ಹೀಗೇ ಮುದ್ದಕ್ಕ. ಒಟ್ಟಿಗಿದ್ರೆ ಅವಳಿಗೆ ಉಸಿರು ಕಟ್ಟುತ್ತೆ," ಅಂದ ಗೌರೀಶ್.

ಮುದ್ದಕ್ಕ ಎಮ್ಮೆ ಕಟ್ಟುವುದನ್ನೂ ಬಿಟ್ಟು ಪಕ್ಕದ ಮನೆಗೆ ಹೊರಟಳು.

ನಾಲ್ಕನೆಯ ದಿನ ಬೀದಿಗೆ ನೀರು ಬಿಡುವ ಲಕ್ಷ್ಮಯ್ಯ ಬಂದು, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ ಕೇಳಿದ. "ಸಾರ್, ಬೇಜಾರು ಮಾಡ್ಕೋಬ್ಯಾಡಿ. ಇನ್ಮೇಲೆ ನಲ್ಲಿ ಎರಡು ಬೇಕಾಯ್ತದಾ?"

ಗೌರೀಶನಿಗೆ ಖುಷಿಯಾಯಿತು. ಕೆಲಸಕ್ಕೆ ನೀರು ಸಾಲದೆ ಅವನು ಪರದಾಡುತ್ತಿದ್ದ. "ಎರಡಾದ್ರೆ ಬಹಳ ಒಳ್ಳೇದು ಲಕ್ಷ್ಮಯ್ಯ! ಅವಳಿಗೆ ಹಿಂದೆ ಒಂದು, ನನಗೆ ಮುಂದೆ ಒಂದು. ಆಮೇಲೆ ಯಾರ ತಂಟೆ ಯಾರಿಗೂ ಇರಲ್ಲ."

ಲಕ್ಷ್ಮಯ್ಯ ಟೋಪಿ ತೆಗೆದು ಮತ್ತೆ ಹಾಕಿಕೊಂಡು ಹೋದ. ಹೋದವನು ನೇರ ಮುದ್ದಕ್ಕನ ಮನೆಗೆ ಹೋದ.

ಇಷ್ಟಕ್ಕೇ ನಿಂತಿದ್ದರೂ ನಿಲ್ಲುತ್ತಿತ್ತೇನೋ. ಆದರೆ ಶುಕ್ರವಾರ ಸಂಜೆ ಗೌರೀಶ್ ಓಣಿಯಲ್ಲಿ ನಿಂತು, ಶಾಲೆಯ ಪಿ.ಟಿ. ಮೇಷ್ಟ್ರು ಜಯಕುಮಾರನ ಜೊತೆ ಫೋನಿನಲ್ಲಿ ಮಾತಾಡಿದ. ಜಯಕುಮಾರನಿಗೆ ಕಿವಿ ಮಂದ. ಹಾಗಾಗಿ ಆ ಮಾತನ್ನು ಮುದ್ದಕ್ಕನೂ, ಅವಳ ಎಮ್ಮೆಯೂ, ಅರ್ಧ ಬೀದಿಯೂ ಕೇಳಿಸಿಕೊಂಡಿತು.

"ಸಾಕಾಗೋಯ್ತು ಜಯಕುಮಾರ್! ಮೂರು ಹೊತ್ತೂ ಕಿರ್ ಕಿರ್ ಅನ್ನುತ್ತೆ. ಎಣ್ಣೆ ಹಚ್ಚಿದ್ರೂ ದಾರಿಗೆ ಬರ್ತಿಲ್ಲ... ಹೂಂ, ಸಿರಾದಲ್ಲಿ ಒಂದು ನೋಡ್ಕೊಂಡು ಬಂದಿದೀನಿ. ಎತ್ತರವಾಗಿದೆ, ಗಟ್ಟಿಮುಟ್ಟಾಗಿದೆ. ಸ್ವಲ್ಪ ವಯಸ್ಸಾಗಿದೆ ನಿಜ, ಆದ್ರೆ ಲಕ್ಷಣವಾಗಿದೆ... ಇಲ್ಲ, ಲೋಹಿತಾಗೆ ಇನ್ನೂ ಹೇಳಿಲ್ಲ. ತಂದು ನಿಲ್ಲಿಸಿದ ಮೇಲೆ ನೋಡ್ಲಿ ಅಂತ."

ನಮ್ಮ ಸೀಮೆಯಲ್ಲಿ ಹೆಣ್ಣುಮಕ್ಕಳನ್ನು 'ಅದು', 'ಇದೆ' ಎನ್ನುವ ಅಭ್ಯಾಸ ಇನ್ನೂ ಹೋಗಿಲ್ಲ. ಮುದ್ದಕ್ಕನಿಗೆ ಸಂಶಯಕ್ಕೆ ಎಡೆಯೇ ಉಳಿಯಲಿಲ್ಲ. ಹಾಲು ಉಕ್ಕಿಸಿದ ದಿನ ಅಡವಯ್ಯನವರು, "ನಮ್ಮ ಹುಡುಗೀನ ಸ್ವಲ್ಪ ನೋಡ್ಕೊಳಮ್ಮ," ಎಂದು ಕೊಟ್ಟಿದ್ದ ನಂಬರಿಗೆ ಅವಳು ಫೋನು ಮಾಡಿದಳು ಎಂಬುದು ಗೌರೀಶನಿಗೆ ಆಮೇಲೆ ತಿಳಿಯಿತು. "ಮನೆ ಒಡ್ದೋಗ್ಬುಟ್ಟೈತೆ ಕಣಪ್ಪ. ಒಲೆ ಬ್ಯಾರೆ, ಬಾಗ್ಲು ಬ್ಯಾರೆ, ನಲ್ಲಿನೂ ಬ್ಯಾರೆ ಆಯ್ತದಂತೆ. ಇನ್ನೊಂದೂ ನೋಡ್ಕಂಡವ್ನಂತೆ, ಸಿರಾದಾಗೆ!"

ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಕೊರಟಗೆರೆ ಬಸ್ಸಿನಿಂದ ಅಡವಯ್ಯನವರೂ, ಪಾವಗಡದ ಬಸ್ಸಿನಿಂದ, ಅವರು ಫೋನು ಮಾಡಿ ಕರೆಸಿದ್ದ ನಾಗರತ್ನಮ್ಮನವರೂ ಇಳಿದು, ಒಂದೇ ಆಟೋದಲ್ಲಿ ಕೋಟೆ ಬೀದಿಗೆ ಬಂದರು. ಅಡವಯ್ಯನವರು ಅಂಗಡಿ ವ್ಯಾಪಾರ ಮಕ್ಕಳಿಗೆ ಬಿಟ್ಟ ಮೇಲೆ ನೆಂಟರಿಷ್ಟರ ಸಂಸಾರ ಸರಿಮಾಡುವ ಕೆಲಸ ಹಿಡಿದಿದ್ದರು. ಇದುವರೆಗೆ ಹನ್ನೊಂದು ಜೋಡಿಗಳನ್ನು ಒಂದುಮಾಡಿದ್ದರು. ಅವರಲ್ಲಿ ಮೂರು ಜೋಡಿ ಜಗಳವೇ ಆಡಿರಲಿಲ್ಲ.

ಮನೆ ನೋಡಲು ಬಂದಿದ್ದಾರೆಂದು ಗೌರೀಶ್ ಹಿಗ್ಗಿದ. ನಾಗರತ್ನಮ್ಮ ತಮ್ಮನ ಮುಖವನ್ನೂ ನೋಡದೆ ಓಣಿಯಲ್ಲಿ ಸುತ್ತಿ ಹಿತ್ತಿಲಿಗೆ ಹೋದರು. ಅಡವಯ್ಯನವರು ಜಗಲಿಯ ಮೇಲೆ ಕೂತು, ವಿಭೂತಿ ಹಣೆಯನ್ನು ಮುಂದೆ ಬಗ್ಗಿಸಿ, ಗೌರೀಶನ ಮಂಡಿ ಮುಟ್ಟಿದರು.

"ಮುಚ್ಚುಮರೆ ಬೇಡ ಕಣಪ್ಪ. ಏನಾಗಿದೆ, ಹೇಳ್ಬುಡು."

"ಏನು ಹೇಳಲಿ ಮಾವ, ಮಧ್ಯ ಬಿರುಕು ಬಿಟ್ಟಿದೆ."

"ಶಿವ ಶಿವಾ. ಯಾವಾಗಿಂದ?"

"ಒಳಗೊಳಗೇ ಬಹಳ ವರ್ಷದಿಂದ ಇತ್ತು ಅನ್ಸುತ್ತೆ. ಮೇಲೆ ಬಣ್ಣ ಬಳಿದು ಚೆನ್ನಾಗಿಟ್ಟಿದ್ರಲ್ಲ, ನಮ್ಗೇ ಗೊತ್ತಾಗ್ಲಿಲ್ಲ."

"ಸರಿಮಾಡೋಕೆ ಆಗದೇ ಇಲ್ವಾ?"

"ಕೆಡವ್ಬುಡಿ ಅಂದ ಪಾಲಪ್ಪ."

ಅಡವಯ್ಯನವರಿಗೆ ರೇಗಿತು. "ಅವನ್ಯಾರೋ ಹಾಗೆ ಹೇಳೋಕೆ?"

"ಅನುಭವಸ್ಥ ಮಾವ. ಈ ಊರಲ್ಲಿ ನೂರಾರು ಕೆಡವಿದಾನೆ."

ಎದುರು ಜಗಲಿಯಲ್ಲಿ ಬೀಡಿ ಸೇದುತ್ತಿದ್ದ ಪಾಲಪ್ಪನನ್ನು ಅಡವಯ್ಯನವರು ಕಣ್ಣಲ್ಲೇ ಸುಟ್ಟರು. ಪಾಲಪ್ಪ ಯಾರೋ ಹಿರಿಯರೆಂದು ಕೈಮುಗಿದ.

"ಹೋಗ್ಲಿ. ಸಿರಾದಲ್ಲಿ ನೋಡ್ಕೊಂಡು ಬಂದಿದೀಯಂತಲ್ಲ, ಅದೇನು?"

ಗೌರೀಶ್ ಬೆಚ್ಚಿ ಬಾಯಿಗೆ ಬೆರಳಿಟ್ಟ. "ನಿಮಗ್ಯಾರು ಹೇಳಿದ್ರು ಮಾವ? ಮೆತ್ತಗೆ ಮಾತಾಡಿ, ಲೋಹಿತಾಗೆ ಗೊತ್ತಿಲ್ಲ."

"ನಾಚಿಕೆ ಆಗಲ್ವೇನೋ ನಿನಗೆ? ಇರೋದು ಒಂದು ಸಾಲದು ಅಂತ ಇನ್ನೊಂದಾ?"

"ಒಂದಲ್ಲ ಮಾವ, ಜೋಡಿ."

ಅಡವಯ್ಯನವರ ಕೈ ಎದೆಯ ಮೇಲಿನ ಲಿಂಗದ ಕರಡಿಗೆಗೆ ಹೋಯಿತು. "ಜೋಡೀನಾ!"

"ಹೂಂ ಮಾವ, ತೇಗದ್ದು. ಹಿತ್ತಾಳೆ ಚಿಲಕ. ಅಂಥ ಬಾಗಿಲು ಈಗ ಮಾಡ್ಸಿದ್ರೂ ಬರಲ್ಲ."

ಬೀದಿಯಲ್ಲಿ ಒಂದು ಗಾಡಿ ಹೋಯಿತು. ಅಡವಯ್ಯನವರು ಕರಡಿಗೆಯಿಂದ ಕೈ ತೆಗೆದು, "ಬಾಗಿಲಾ?" ಅಂದರು. "ಮತ್ತೆ ಬಿರುಕು?" "ಗೋಡೇದು ಮಾವ," ಅಂದ ಗೌರೀಶ್. "ನೀವು ಏನಂದ್ಕೊಂಡ್ರಿ?" ಅಡವಯ್ಯನವರು ಏನಂದುಕೊಂಡಿದ್ದರೆಂದು ಹೇಳಿದರು. ಕೇಳಿ ಗೌರೀಶ್ ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ. ಅಡವಯ್ಯನವರಿಗೆ ನಗು ಬರಲಿಲ್ಲ. ಮುಕ್ಕಾಲು ಗಂಟೆ ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ಸಿದ್ಧಮಾಡಿಕೊಂಡು ಬಂದ ಬುದ್ಧಿಮಾತೆಲ್ಲ ದಂಡವಾಗಿತ್ತು.

"ಲೋಹಿತಾಗೆ ಹೇಳ್ಬೇಕು ಇದನ್ನ, ಬಿದ್ದು ಬಿದ್ದು ನಗ್ತಾಳೆ," ಎಂದು ಗೌರೀಶ್ ನಡುಮನೆಗೆ ನುಗ್ಗಿ, ಮಧ್ಯದ ಗೋಡೆಯ ಹತ್ತಿರ ಹೋದ. ಹಿಂದೆಯೇ ಅಡವಯ್ಯನವರೂ ಬಂದರು. ಆಗ ಬಿರುಕಿನಿಂದ ಆಚೆಯ ಮಾತು ಕಿವಿಗೆ ಬಿತ್ತು.

"ಅಯ್ಯೋ ದೇವುಡಾ, ಸುಮ್ಕಿರ್ತೀಯಲ್ಲೇ ಅಮ್ಮಿ!" ನಾಗರತ್ನಮ್ಮ ಅಳುತ್ತಿದ್ದರು. "ಸಿರಾದಾಗೆ ಯಾವಳ್ನೋ ನೋಡ್ಕಂಡವ್ನಂತೆ!"

"ಅವರಾ?" ಲೋಹಿತಾಳ ದನಿಯಲ್ಲಿ ನಗುವಿತ್ತು. "ಅತ್ತಿಗೆ, ಅರ್ಧ ಕೇಜಿ ಬದನೇಕಾಯಿ ಆರಿಸೋಕೆ ಸಂತೆಯಿಂದ ಮೂರು ಸಲ ಫೋನ್ ಮಾಡೋ ಮನುಷ್ಯ. ಅವರು ನನ್ನ ಕೇಳದೆ ಇನ್ನೊಬ್ಬಳನ್ನ ಹೆಂಗೆ ಆರಿಸ್ತಾರೆ?"

ಈಚೆ ಗೌರೀಶ್ ಹೆಮ್ಮೆಯಿಂದ ಅಡವಯ್ಯನವರನ್ನು ನೋಡಿದ.

"ಮತ್ತೆ ಕಣ್ಣಾಗೆ ನೀರ್ಯಾಕೆ?" ಅಂದರು ನಾಗರತ್ನಮ್ಮ.

ಆಚೆ ಮೂಗೊರೆಸಿಕೊಂಡ ಸದ್ದಾಯಿತು. ಆಮೇಲೆ ಲೋಹಿತಾ ಹೇಳಿದಳು. "ನೀವು ಬಂದ್ರಲ್ಲ, ಅದಕ್ಕೆ ಬಂತೇನೋ. ಈ ಗೋಡೆ ನೋಡಿ ಅತ್ತಿಗೆ. ಇದನ್ನ ಮೆತ್ತಿದ್ದು ನಾನು. ಮೂರು ಗೋಡೇನೂ ನಾನೇ. ಸುಣ್ಣ ತಿಂದು ಬೆರಳೆಲ್ಲ ಹೆಂಗಾಗಿದೆ ನೋಡಿ, ಸೂಜಿ ಹಿಡಿಯೋಕಾಗಲ್ಲ. ಅದು ಪರವಾಗಿಲ್ಲ. ನೀವೆಲ್ಲ ಭೇಷ್ ಅಂದ್ರಲ್ಲ ಗ್ರೂಪಲ್ಲಿ, ಅದನ್ನೂ ನನಗೇ ಓದಿ ಹೇಳಿದ್ರು. ಇವಳು ಮಾಡಿದ್ದು ಅಂತ ಒಂದೇ ಒಂದು ಸಲ ಅಂದಿದ್ರೆ... ಏನೋ, ನನಗೂ ಇದು ಮೊದಲನೇ ಮನೆ ಅಲ್ವಾ."

ಗೌರೀಶನ ಮುಖದ ನಗು ಎಲ್ಲಿ ಹೋಯಿತೋ. ಅಡವಯ್ಯನವರು ಅವನನ್ನು ನೋಡಲಿಲ್ಲ, ಸೂರು ನೋಡಿದರು.

"ಲೋಹಿತಾ!" ಎಂದು ಕೂಗಿದ ಗೌರೀಶ್.

ಇಲ್ಲಿ ಬೇರೆ ಯಾರೇ ಆಗಿದ್ದರೂ ಹೊರಗೆ ಇಳಿದು, ಓಣಿಯಲ್ಲಿ ಸುತ್ತಿ, ಇಪ್ಪತ್ತು ಹೆಜ್ಜೆಯಲ್ಲಿ ಹೆಂಡತಿಯ ಎದುರು ನಿಲ್ಲುತ್ತಿದ್ದರು. ಗೌರೀಶನಿಗೆ ಅಷ್ಟು ತಾಳ್ಮೆಯಿರಲಿಲ್ಲ. ಅವನು ಮಧ್ಯದ ಬಾಗಿಲಿನ ಪ್ಲಾಸ್ಟಿಕ್ ಹಾಳೆಯನ್ನು ಎರಡು ಕೈಯಲ್ಲೂ ಹಿಡಿದು ಜಗ್ಗಿದ. ಅವನು ಹೊಡೆದಿದ್ದ ಮೊಳೆಗಳು ಜೀವಮಾನದಲ್ಲಿ ಮೊದಲ ಸಲ ಗಟ್ಟಿಯಾಗಿ ಹಿಡಿದುಕೊಂಡಿದ್ದವು. ಮೊಳೆಗಳ ಜೊತೆ ಚೌಕಟ್ಟು ಬಂತು. ಚೌಕಟ್ಟಿನ ಜೊತೆ, ಬಾಗಿಲಿಗೂ ಬಿರುಕಿಗೂ ನಡುವೆ ಇದ್ದ ಅಷ್ಟೂ ಗೋಡೆ ಮೆಲ್ಲಗೆ, ದಣಿದವರು ಕೂರುವ ಹಾಗೆ, ಕೆಳಗೆ ಕೂತಿತು.

ಧೂಳಿನಲ್ಲಿ ಯಾರಿಗೆ ಯಾರೂ ಕಾಣಲಿಲ್ಲ. ಮೇಲಿನಿಂದ 'ಕಟ್' ಎಂದು ಸದ್ದಾಯಿತು. ಆಸರೆ ತಪ್ಪಿದ ಚಪ್ಪಡಿಯ ಸದ್ದು.

"ಯಾರೂ ಅಲ್ಲಾಡ್ಬ್ಯಾಡಿ!" ಎಂದು ಬೀದಿಯಿಂದ ಕೂಗು ಕೇಳಿಸಿತು. ಪಾಲಪ್ಪ ಹೆಗಲ ಮೇಲೆ ಸರ್ವೆ ಕಂಬ ಹೊತ್ತು ಓಡಿಬಂದ. ಚಪ್ಪಡಿಯ ಅಡಿಗೆ ಕಂಬ ನಿಲ್ಲಿಸಿ, ಬುಡಕ್ಕೆ ಕಲ್ಲು ಕೊಟ್ಟು ಬಿಗಿಮಾಡಿ, ಮತ್ತೆ ಓಡಿಹೋಗಿ ಇನ್ನೊಂದು ತಂದ. ಕಂಬಗಳನ್ನು ಅವನು ಮೂರು ದಿನದಿಂದ ತನ್ನ ಜಗಲಿಯಲ್ಲಿ ತಯಾರಾಗಿ ಇಟ್ಟುಕೊಂಡಿದ್ದ. "ಈವಯ್ಯ ಗೋಡೆ ಕೆರಿಯೋ ರೀತಿ ನೋಡಿದ್ ಮ್ಯಾಲೆ ನಂಗೆ ನಿದ್ದೇನೇ ಬಂದಿಲ್ಲ," ಎಂದು ಆಮೇಲೆ ಹೇಳಿದ.

ಧೂಳು ಇಳಿಯಿತು. ಅಡವಯ್ಯನವರ ಹಣೆಯಲ್ಲಿದ್ದ ವಿಭೂತಿ ಈಗ ಮೈಯೆಲ್ಲ ಇತ್ತು. ಆಚೆ ನಾಗರತ್ನಮ್ಮನೂ ಲೋಹಿತಾಳೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತಿದ್ದರು. ಸದ್ದು ಕೇಳಿ ಬಂದ ಮುದ್ದಕ್ಕ ಹಿತ್ತಿಲ ಬಾಗಿಲಲ್ಲಿದ್ದಳು. ಯಾರಿಗೂ ಗಾಯವಾಗಿರಲಿಲ್ಲ. ಗೌರೀಶ್ ಮಾತ್ರ ಕೈಯಲ್ಲಿ ಪ್ಲಾಸ್ಟಿಕ್ ಹಾಳೆ ಹಿಡಿದುಕೊಂಡೇ ಇದ್ದ.

ಪಾಲಪ್ಪನ ಕಣ್ಣು ಅಡುಗೆಮನೆಯ ಗೋಡೆಯ ಮೇಲೆ ಬಿತ್ತು. ಹತ್ತಿರ ಹೋದ. ಬೆರಳ ಗೆಣ್ಣಿನಿಂದ ತಟ್ಟಿದ, ಅಂಗೈಯಿಂದ ಸವರಿದ, ಕೆನ್ನೆ ಹತ್ತಿರ ತಂದು ಓರೆಯಾಗಿ ನೋಡಿದ. ಇಷ್ಟು ಗಲಾಟೆಯಲ್ಲೂ ಅದರಲ್ಲಿ ಒಂದು ಗೆರೆ ಬಿದ್ದಿರಲಿಲ್ಲ.

"ಇದ್ಯಾರು ಮೆತ್ತಿದ್ದು?" ಅಂದ. "ನಮ್ ತಾತ ಹೋದ್ ಮ್ಯಾಲೆ ಇಂಥ ಗಾರೆ ಕಂಡಿಲ್ಲ ನಾನು."

ಎಲ್ಲರೂ ಗೌರೀಶನ ಕಡೆ ನೋಡಿದರು. ಲೋಹಿತಾ ಮಾತ್ರ ನೆಲ ನೋಡಿದಳು.

"ಇವಳು," ಅಂದ ಗೌರೀಶ್. ಕೆಮ್ಮಿ ಮತ್ತೆ ಹೇಳಿದ. "ಲೋಹಿತಾ ಮೆತ್ತಿದ್ದು. ಮೂರು ಗೋಡೇನೂ ಅವಳೇ. ನಾನು ಗ್ರೂಪಲ್ಲಿ ಹಾಕಿದ್ದೆಲ್ಲ ಅವಳದೇ ಕೆಲಸ ಮಾವ. ಅಕ್ಕಾ, ಕೇಳಿಸ್ಕೋ. ನಾನು ಮಾಡಿದ್ದು... ಈಗ ಬಿತ್ತಲ್ಲ, ಅದು."

ಮೊದಲು ನಕ್ಕವಳು ಲೋಹಿತಾ. ಕಣ್ಣಲ್ಲಿ ನೀರಿಟ್ಟುಕೊಂಡೇ ನಕ್ಕಳು. ಆಮೇಲೆ ಮುದ್ದಕ್ಕ, ಆಮೇಲೆ ಪಾಲಪ್ಪ. ನಾಗರತ್ನಮ್ಮ ನಗಲಿಲ್ಲ, ನೇರ ಬಂದು ತಮ್ಮನ ಬೆನ್ನಿಗೆ ಒಂದು ಗುದ್ದಿ, ಆಮೇಲೆ ಅವನ ತಲೆಯ ಮಣ್ಣು ಕೊಡವಿದರು. ಪಾಲಪ್ಪ ಲೋಹಿತಾಳ ಹತ್ತಿರ ಹೋಗಿ, ಒಬ್ಬ ಮೇಸ್ತ್ರಿ ಇನ್ನೊಬ್ಬ ಮೇಸ್ತ್ರಿಯನ್ನು ಕೇಳುವ ಮರ್ಯಾದೆಯಲ್ಲಿ ಕೇಳಿದ. "ಬೆಲ್ಲದ ನೀರು ಎಷ್ಟ್ ದಿನ ಕೊಳಿಸಿದ್ರಿ ತಾಯಿ?"

"ಹನ್ನೆರಡು ದಿನ."

"ಅಂಗನ್ನಿ! ನಾವು ಎಂಟಕ್ಕೇ ತೆಗ್ದುಬುಡ್ತಿದ್ವಿ."

ಮಧ್ಯಾಹ್ನದ ಊಟ ಎಲ್ಲರಿಗೂ ಹಿತ್ತಿಲಲ್ಲಿ ಆಯಿತು. ಬಿದ್ದ ಮಣ್ಣನ್ನು ಪಾಲಪ್ಪನೂ ಗೌರೀಶನೂ ಬುಟ್ಟಿಯಲ್ಲಿ ಹೊತ್ತು ಹಾಕಿದರು. ಅಡವಯ್ಯನವರು ಸ್ನಾನ ಮಾಡಿ ಹೊಸ ವಿಭೂತಿ ಧರಿಸಿದ ಮೇಲೆ ಗೆಲುವಾದರು. ಸಂಜೆ ಬಸ್ಸು ಹತ್ತುವ ಮುಂಚೆ ಮುದ್ದಕ್ಕನಿಗೆ, "ಇದು ಹನ್ನೆರಡನೇದು ಕಣಮ್ಮ," ಎಂದು ಗುಟ್ಟಾಗಿ ಹೇಳಿದರಂತೆ.

ಮಾರನೆಯ ದಿನ ಗೌರೀಶ್ ಶಾಲೆಗೆ ರಜೆ ಹಾಕಿದ. ಗೋಡೆಯನ್ನು ಪಾಲಪ್ಪ ಕಟ್ಟುವುದು, ಲೋಹಿತಾ ಮೆತ್ತುವುದು ಎಂದು ಅವರಿಬ್ಬರೇ ಮಾತಾಡಿಕೊಂಡಿದ್ದರು. ಗೌರೀಶನನ್ನು ಯಾರೂ ಕೇಳಿರಲಿಲ್ಲ. ಅವನು ಲೋಹಿತಾಳ ಬೆರಳುಗಳಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಹಳೆಯ ಪಂಚೆಯ ಚೂರಿನಿಂದ ಒಂದೊಂದನ್ನೇ ಸುತ್ತಿದ. ವರ್ಗಾವಣೆ ಪತ್ರ ಬರೆಯುವಷ್ಟು ಜಾಗ್ರತೆಯಿಂದ ಸುತ್ತಿದ.

"ನಾನೇನು ಮಾಡ್ಲಿ?" ಎಂದು ಕೇಳಿದ.

"ಮಣ್ಣು ತುಳೀರಿ."

ಅವನು ಪ್ಯಾಂಟು ಮಡಿಸಿಕೊಂಡು ಕೆಸರಿಗೆ ಇಳಿದ. ಎರಡು ಹೆಜ್ಜೆ ಇಟ್ಟ. ಮೂರನೆಯದಕ್ಕೆ ಕಾಲು ಜಾರಿ, ಗಾಳಿಯಲ್ಲಿ ಕೈ ಬೀಸಾಡಿ, ಹೇಗೋ ನಿಂತುಕೊಂಡ. ಎಷ್ಟು ಹೊತ್ತು ತುಳಿಯಬೇಕೆಂದು ಕೇಳಿದ. ಮುಷ್ಟಿಯಲ್ಲಿ ಹಿಡಿದರೆ ಬೆರಳ ಸಂದಿಯಿಂದ ಬೆಣ್ಣೆಯ ಹಾಗೆ ಬರುವವರೆಗೆ ಎಂದಳು. ಅದು ಎಷ್ಟು ಹೊತ್ತಾಗುತ್ತದೆಂದು ಕೇಳಿದ. ಮಧ್ಯಾಹ್ನವಾಗುತ್ತದೆ ಎಂದಳು. ಅವನ ಮುಖ ನೋಡಿ ಅವಳಿಗೆ ಪಾಪವೆನಿಸಿತೋ, ನಗು ಬಂತೋ, ಸೀರೆಯನ್ನು ಮಂಡಿಯವರೆಗೆ ಎತ್ತಿ ಸಿಕ್ಕಿಸಿಕೊಂಡು ಅವಳೂ ಇಳಿದು, ಸುತ್ತಿದ ಬೆರಳುಗಳನ್ನು ಅವನ ಹೆಗಲ ಮೇಲೆ ಇಟ್ಟಳು.

"ಜಾರುತ್ತೆ ಕಣೇ," ಅಂದ ಗೌರೀಶ್, ಅವಳ ಸೊಂಟ ಹಿಡಿದುಕೊಂಡು. "ನಾನು ಬಿದ್ರೆ?"

"ಬಿದ್ರೆ ಇಬ್ರೂ ಬೀಳ್ತೀವಿ. ತುಳೀರಿ."